ಗಂಡಾಂತರ ಗರ್ಭಿಣಿಗೆ ತಜ್ಞ ವೈದ್ಯರು: ಸರಕಾರಿ ಕಾರ್ಡಿನ ದಾರಿ ಎಲ್ಲಿಂದ ಆರಂಭ?

ಗರ್ಭಸ್ಥ ಶಿಶುವಿಗೆ ಎಂಟನೆಯ ತಿಂಗಳಿನಲ್ಲಿ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮ ಸಮಾಜದಲ್ಲಿದೆ. ಇನ್ನೂ ಲೋಕವನ್ನು ಕಾಣದ ಕೂಸನ್ನೂ ಒಂದು ಜೀವವೆಂದು ಗುರುತಿಸಿ ಗೌರವಿಸುವ ಭಾವ ಅದರಲ್ಲಿದೆ. ವೈದ್ಯವಿಜ್ಞಾನದಲ್ಲಿಯೂ ತಾಯಿಯೊಂದಿಗೆ ಒಡಲೊಳಗಿನ ಕೂಸನ್ನು ಮತ್ತೊಬ್ಬ ರೋಗಿಯೆಂದೇ ಪರಿಗಣಿಸುವ ಶಾಖೆಯೊಂದುಂಟು. ಪ್ರಸೂತಿ ಶಾಸ್ತ್ರದಲ್ಲಿ ಉನ್ನತ ಪದವಿ ಪಡೆದ ಬಳಿಕ ಇದನ್ನೇ ವಿಶೇಷವಾಗಿ ಅಭ್ಯಾಸ ಮಾಡಿದವರನ್ನು ಫೀಟಲ್ ಮೆಡಿಸಿನ್ ತಜ್ಞರೆಂದು ಕರೆಯುತ್ತಾರೆ.

ಕಳೆದ ಅಮಾವಾಸ್ಯೆಯಂದು ಗದ್ದುಗೆಯ ದರ್ಶನಕ್ಕೆ ಬಂದಿದ್ದ ಹಿರಿಯ ತಾಯಿಯೊಬ್ಬರು ಪ್ರಸಾದ ಮುಗಿದ ಮೇಲೆ ನಮ್ಮೊಡನೆ ತಮ್ಮ ಅಳಲನ್ನು ತೋಡಿಕೊಂಡರು. ಅವರ ಮಗಳು ಐದು ತಿಂಗಳ ಗರ್ಭಿಣಿ. ಹೊಟ್ಟೆಯಲ್ಲಿ ಅವಳಿ ಮಕ್ಕಳು. ಎರಡಕ್ಕೂ ಮಾಸು ಒಂದೇ. ಫೀಟಲ್ ಮೆಡಿಸಿನ್ ತಜ್ಞರಿಗೆ ತೋರಿಸಿರೆಂದು ಊರಿನ ವೈದ್ಯರು ಹೇಳಿದ್ದರು. ಆಯುಷ್ಮಾನ್ ಕಾರ್ಡನ್ನು ಕೈಯಲ್ಲಿ ಹಿಡಿದು ನಗರದ ಮೂರು ಖಾಸಗಿ ಕೇಂದ್ರಗಳಿಗೆ ಅಲೆದರೂ ಎಲ್ಲೆಡೆ ದೊರೆತ ಉತ್ತರ ಒಂದೇ: ಇಲ್ಲಿ ಕಾರ್ಡ್ ನಡೆಯುವುದಿಲ್ಲ. "ಹಂಗಾದ್ರ ಸರಕಾರ ಈ ಕಾರ್ಡ್ ಯಾಕ ಕೊಟ್ಟೈತ್ರಿ?" ಎಂದು ಆ ತಾಯಿ ಕೇಳಿದರು.

ಈ ಪ್ರಶ್ನೆಗೆ ನೇರ ಉತ್ತರವಿದೆ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಪ್ರಧಾನವಾಗಿ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಹಣ ನೀಡುತ್ತದೆ. ಫೀಟಲ್ ಮೆಡಿಸಿನ್ ತಜ್ಞರ ಕೆಲಸದ ಬಹುಪಾಲು ಸ್ಕ್ಯಾನಿಂಗ್ ಮತ್ತು ಸಮಾಲೋಚನೆ. ರೋಗಿ ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಮರಳುತ್ತಾಳೆ. ಆದುದರಿಂದ ಕಾರ್ಡ್ ಒಪ್ಪುವ ತಜ್ಞರನ್ನು ಖಾಸಗಿ ಕೇಂದ್ರಗಳಲ್ಲಿ ಹುಡುಕುತ್ತಾ ಹೋದರೆ ದಿನಗಳು ಕಳೆಯುತ್ತವೆಯೇ ಹೊರತು ಕಾರ್ಯ ಸಾಧಿಸುವುದಿಲ್ಲ.

ಇಲ್ಲಿ ದಿನಗಳ ಬೆಲೆ ದೊಡ್ಡದು. ಒಂದೇ ಮಾಸನ್ನು ಹಂಚಿಕೊಂಡ ಅವಳಿಗಳಲ್ಲಿ ಒಂದು ಮಗುವಿನ ರಕ್ತ ಮತ್ತೊಂದಕ್ಕೆ ಹರಿದುಹೋಗುವ ಅಪಾಯವಿರುವುದರಿಂದ 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಆಗಬೇಕು. ಹಿಂದಿನ ಗರ್ಭದಲ್ಲಿ ರಕ್ತದೊತ್ತಡ ಏರಿ ನಂಜಾಗಿದ್ದವರಿಗೆ ವೈದ್ಯರು ನೀಡುವ ಅಲ್ಪಪ್ರಮಾಣದ ಆಸ್ಪಿರಿನ್ 16ನೆಯ ವಾರದೊಳಗೆ ಆರಂಭವಾದರೆ ಹೆಚ್ಚು ಫಲಕಾರಿ. (ಅದನ್ನು ತಾವಾಗಿಯೇ ಅಂಗಡಿಯಿಂದ ತಂದು ನುಂಗಬಾರದು.) ಮಗುವಿನ ಅಂಗಾಂಗ ರಚನೆಯನ್ನು ನೋಡುವ ಸ್ಕ್ಯಾನಿಂಗಿಗೆ 18ರಿಂದ 20ನೆಯ ವಾರ ತಕ್ಕ ಕಾಲ. ಕುಬಸ ಮುಗಿಯಲಿ, ಆಮೇಲೆ ನೋಡೋಣ ಎಂದರೆ ಇವೆಲ್ಲವೂ ಮೀರಿಹೋಗಿರುತ್ತವೆ. ಅದೇ ಸ್ಕ್ಯಾನಿಂಗಿನಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದು 1994ರ ಕಾಯ್ದೆಯಂತೆ ಅಪರಾಧ. ಬಸವಣ್ಣನವರ ಹೆಸರು ಹೇಳುವ ಮನೆಗಳಲ್ಲಿ ಆ ಪ್ರಶ್ನೆ ಹುಟ್ಟಲೇಬಾರದು.

ಹಾಗಾದರೆ ದಾರಿ ಎಲ್ಲಿಂದ? ಊರಿನ ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ತಾಯಿ ಕಾರ್ಡಿನಿಂದ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರು ಉಚಿತವಾಗಿ ಪರೀಕ್ಷಿಸುತ್ತಾರೆ. ಗಂಡಾಂತರದ ಲಕ್ಷಣ ಕಂಡರೆ ಕಾರ್ಡಿಗೆ ಕೆಂಪು ಚೀಟಿ ಅಂಟಿಸುತ್ತಾರೆ. ಆ ಚೀಟಿಯನ್ನು ಕಂಡು ಅಂಜುವವರು, ನೆಂಟರಿಗೆ ಕಾಣದಂತೆ ಕಾರ್ಡನ್ನು ಮುಚ್ಚಿಡುವವರು ಇದ್ದಾರೆ. ಅದು ಅಪಶಕುನವಲ್ಲ, ಈ ತಾಯಿಯನ್ನು ಮೊದಲು ನೋಡಿರೆಂದು ಮುಂದಿನ ವೈದ್ಯರಿಗೆ ನೀಡುವ ಸೂಚನೆ. ಅಲ್ಲಿಂದ ರೆಫರಲ್ ಪತ್ರವನ್ನು ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಅಥವಾ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬೇಕು. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಹಿಂದೆ ಕಿಮ್ಸ್ ಎಂಬ ಹೆಸರಿದ್ದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇಂತಹವು. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಗೆ ತಪಾಸಣೆ, ಔಷಧ, ರಕ್ತ, ಊಟ, ಸಿಸೇರಿಯನ್, ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸುವ ವಾಹನ ಎಲ್ಲವೂ ಉಚಿತ. ಸ್ಕ್ಯಾನಿಂಗ್ ಕೂಡ ಇದರಲ್ಲಿ ಸೇರಿದೆ. ಕಾರ್ಡ್ ನೀಡದ ನೆರವನ್ನು ಇಲ್ಲಿ ಈ ಕಾರ್ಯಕ್ರಮ ನೀಡುತ್ತದೆ.

ಎಲ್ಲ ಸರಕಾರಿ ಆಸ್ಪತ್ರೆಗಳಲ್ಲಿಯೂ ಫೀಟಲ್ ಮೆಡಿಸಿನ್ ಎಂಬ ಫಲಕ ಇರುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಫಲಕಕ್ಕಿಂತ ಅಲ್ಲಿ ಅನುಭವಿ ಪ್ರಸೂತಿ ತಜ್ಞರು, ನವಜಾತ ಶಿಶುಗಳ ತೀವ್ರ ನಿಗಾ ಘಟಕ ಮತ್ತು ರಕ್ತನಿಧಿ ಇರುವುದು ಮುಖ್ಯ. ಬಹುತೇಕ ಗಂಡಾಂತರಗಳನ್ನು ಇಷ್ಟರಿಂದಲೇ ನಿಭಾಯಿಸಬಹುದು. ಸಾಲದೆಂದು ಕಂಡಾಗ ಅಲ್ಲಿನ ವೈದ್ಯರೇ ಮುಂದಕ್ಕೆ ಬರೆದುಕೊಡುತ್ತಾರೆ. ದಾಖಲಾಗಿ ಪಡೆಯಬೇಕಾದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡ್ ಬಳಸಲು ಬೇಕಾಗುವುದು ಆ ಪತ್ರವೇ. ತುರ್ತು ಸ್ಥಿತಿಯಲ್ಲಿ ಮಾತ್ರ ಪತ್ರವಿಲ್ಲದೆ ನೇರವಾಗಿ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಆದರೆ ಒಂದು ಆಸ್ಪತ್ರೆ ಹೃದಯ ಚಿಕಿತ್ಸೆಗೆ ನೋಂದಾಯಿತವಾಗಿದ್ದು ಹೆರಿಗೆಗೆ ಆಗಿರದೆ ಇರಬಹುದು. ಮಠಗಳು ನಡೆಸುವ ಆಸ್ಪತ್ರೆಗಳಿಗೂ ಈ ಮಾತು ಅನ್ವಯಿಸುತ್ತದೆ. ಹೊರಡುವ ಮೊದಲು ಸಹಾಯವಾಣಿ 104ಕ್ಕೆ ಕರೆಮಾಡಬಹುದು. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕೇಳಬಹುದು.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇ. 30ರಷ್ಟನ್ನು ಸರಕಾರ ಭರಿಸುತ್ತದೆ. ಅದರ ಮಿತಿ ವರ್ಷಕ್ಕೆ 1.5 ಲಕ್ಷ. ಆದರೆ ಹೊಸ ಸೊಸೆಯ ಹೆಸರು ಎಷ್ಟೋ ಮನೆಗಳಲ್ಲಿ ಇನ್ನೂ ತವರಿನ ಪಡಿತರ ಚೀಟಿಯಲ್ಲಿಯೇ ಇರುತ್ತದೆ, ಕೆಲವೊಮ್ಮೆ ಎರಡೂ ಕಡೆ ಇರುವುದಿಲ್ಲ. ಹೆಸರಿನ ತಿದ್ದುಪಡಿಗೆ ಓಡಾಡುವ ಕಾಲ ಮದುವೆಯ ನಂತರದ ದಿನಗಳು. ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಅಲ್ಲ. ಮನೆಯಲ್ಲಿ ಯಾರಿಗಾದರೂ ಇಎಸ್‌ಐ ಇದ್ದರೆ ಅದನ್ನು ಮರೆಯಬಾರದು. ಅಲ್ಲಿ ಹೊರರೋಗಿ ತಪಾಸಣೆಯೂ ಸೇರಿದೆ. ಬೆಂಗಳೂರಿನ ರಾಜಾಜಿನಗರ ಮತ್ತು ಕಲಬುರಗಿಯಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜುಗಳಿವೆ.

ಇನ್ನು ತವರಿನ ವಿಚಾರ. ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರುವುದು ಒಳ್ಳೆಯ ರೂಢಿ. ಆದರೆ ಏಳನೆಯ ತಿಂಗಳಲ್ಲಿ ಊರು ಬದಲಾದಾಗ ವೈದ್ಯರೂ ಬದಲಾಗುತ್ತಾರೆ, ಹಳೆಯ ಸ್ಕ್ಯಾನಿಂಗ್ ವರದಿಗಳು ಗಂಡನ ಮನೆಯ ಕಪಾಟಿನಲ್ಲಿಯೇ ಉಳಿಯುತ್ತವೆ. ಹೊಸ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಉಡಿ ತುಂಬಿ ಕಳುಹಿಸುವಾಗ ತಾಯಿ ಕಾರ್ಡ್, ಎಲ್ಲ ವರದಿಗಳು, ರಕ್ತದ ಗುಂಪಿನ ಚೀಟಿಯನ್ನು ಒಂದೇ ಚೀಲದಲ್ಲಿಟ್ಟು ಜೊತೆಗೆ ಕಳುಹಿಸಬೇಕು. ತವರಿನ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿರಬೇಕು. ಕೆಂಪು ಚೀಟಿ ಇರುವವರು ಸ್ಥಳ ಬದಲಿಸುವ ಮುನ್ನ ತಜ್ಞರನ್ನು ಕೇಳಬೇಕು. ಎಲ್ಲಿಯೇ ಇರಲಿ, ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಕೂಸಿನ ಚಲನೆ ತಗ್ಗುವುದು ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಬೇಕು.

ಆ ಹಿರಿಯ ತಾಯಿ ಮರುವಾರವೇ ಮಗಳನ್ನು ಕರೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದರು. 9ನೆಯ ತಾರೀಖಿನವರೆಗೆ ಕಾಯಬೇಡಿರೆಂದು ನಾವೇ ಹೇಳಿದ್ದೆವು. ಅಂದೇ ಪತ್ರ ಸಿಕ್ಕಿತು. ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಎರಡು ವಾರಕ್ಕೊಮ್ಮೆ ತಪಾಸಣೆ ನಡೆಯುತ್ತಿದೆ. ಸರತಿಯಲ್ಲಿ ಅರ್ಧ ದಿನ ಹೋಗುತ್ತದೆಂಬ ಬೇಸರ ಅವರಿಗಿದೆ. ಬುತ್ತಿ ಕಟ್ಟಿಕೊಂಡು ಹೋಗುತ್ತಾರಂತೆ.