ಪೆಟ್ಟಿಗೆ ಹಳೆಯದು, ಆಟ ಅರವತ್ತು

ಬೆಂಗಳೂರಿನ ಕಂಟೋನ್ಮೆಂಟ್ ಕಡೆ ವಿಡಿಯೋ ಗೇಮ್ ಪಾರ್ಲರ್‌ಗಳು ಜೋರಾಗಿ ನಡೆಯುತ್ತಿದ್ದ ಕಾಲದ ಆಳೆತ್ತರದ ಪೆಟ್ಟಿಗೆಯೊಂದು ಈಗ ಶಿವಾಜಿನಗರದ ಗುಜರಿಯಲ್ಲೋ ಇಂದಿರಾನಗರದ ಯಾವುದೋ ಗ್ಯಾರೇಜಿನಲ್ಲೋ ಸಿಕ್ಕಿತೆಂದುಕೊಳ್ಳಿ. ಪಿಕ್ಚರ್ ಟ್ಯೂಬ್ ಸರಿಯಾಗಿದೆ, ಗುಂಡಿಗಳು ಒತ್ತಲು ಬರುತ್ತವೆ, ಒಳಗಿನ ಬೋರ್ಡು ಮಾತ್ರ ಕೆಟ್ಟಿದೆ. ಅದರ ಜಾಗದಲ್ಲಿ ಅಂಗೈಯಗಲದ ಮಲ್ಟಿಗೇಮ್ ಬೋರ್ಡು ಕೂರಿಸಿದರೆ ಪೆಟ್ಟಿಗೆಗೆ ಮತ್ತೆ ಜೀವ ಬರುತ್ತದೆ. ಒಂದೇ ಆಟ ಆಡಿಸುತ್ತಿದ್ದದ್ದು ಅರವತ್ತು ಆಟ ಆಡಿಸುತ್ತದೆ. ಹಳೆಯ ಯಂತ್ರಗಳ ಸಂಗ್ರಹಕಾರರಲ್ಲಿ ಕೆಲವರಿಗೆ ಇದು ಅಪಚಾರ. ಮೂಲ ಬೋರ್ಡು ಹೋದ ಮೇಲೆ ಉಳಿಯುವುದು ಬರೀ ಮರದ ಬೀರು ಎನ್ನುತ್ತಾರೆ. ಈ ಯಂತ್ರದ ಚರಿತ್ರೆಯನ್ನೂ ಒಳರಚನೆಯನ್ನೂ ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ. ಇಂಥ ಬದಲಿ ಬೋರ್ಡಿನ ಕಿಟ್ ಹಾಕುವುದು ತಪ್ಪಲ್ಲ. ಮರಳಿ ತೆಗೆಯಲಾಗದಂತೆ ಹಾಕುವುದು ತಪ್ಪು.

ಮೊದಲು ಚರಿತ್ರೆ. ಮರ, ಟ್ಯೂಬು, ನಾಣ್ಯದ ಡಬ್ಬಿ ಇವಕ್ಕೆಲ್ಲ ಖರ್ಚು ಹೆಚ್ಚು. ಆಟದ ಮೇಲಿನ ಮೋಹವೋ ಬೇಗ ಇಳಿಯುವಂಥದ್ದು. ಹಾಗಾಗಿ ಪೆಟ್ಟಿಗೆ ಉಳಿಸಿಕೊಂಡು ಆಟ ಬದಲಿಸುವುದು ಈ ವ್ಯಾಪಾರದಲ್ಲಿ ಹಳೆಯ ರೂಢಿ. 1981ರಲ್ಲಿ ಅಮೆರಿಕದಲ್ಲಿ ಮಾರಾಟವಾಗದೆ ಬಿದ್ದಿದ್ದ ‘ರಾಡಾರ್ ಸ್ಕೋಪ್’ ಪೆಟ್ಟಿಗೆಗಳಿಗೆ ನಿಂಟೆಂಡೊ ಹೊಸ ಆಟ ತುಂಬಿತು. ಅದೇ ‘ಡಾಂಕಿ ಕಾಂಗ್’. ‘ಮಿಸ್ ಪ್ಯಾಕ್-ಮ್ಯಾನ್’ ಶುರುವಾದದ್ದೂ ‘ಪ್ಯಾಕ್-ಮ್ಯಾನ್’ ಯಂತ್ರಕ್ಕೆ ಹಾಕುವ ಕಿಟ್ಟಿನ ರೂಪದಲ್ಲಿ: ಪ್ರೊಸೆಸರ್ ಕೂರುವ ಸಾಕೆಟ್ಟಿಗೆ ಚಿಕ್ಕದೊಂದು ಬೋರ್ಡು ಸೇರಿಸಿ ಹಳೆಯ ಯಂತ್ರದಿಂದಲೇ ಹೊಸ ಆಟ ಆಡಿಸಿದರು. ಎಂಬತ್ತರ ದಶಕದ ಮಧ್ಯಕ್ಕೆ ಜಪಾನಿನ ತಯಾರಕರ ಸಂಘ ‘ಜಮ್ಮಾ’ ಹೆಸರಿನ 56 ಪಿನ್ನಿನ ಕನೆಕ್ಟರನ್ನು ಗೊತ್ತುಮಾಡಿದ ಮೇಲೆ ಈ ರೂಢಿಯೇ ನಿಯಮವಾಯಿತು. ಕೆ.ಆರ್. ಪುರದ ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐಟಿಐ ಕಾರ್ಖಾನೆ ತಯಾರಿಸುತ್ತಿದ್ದ ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲೂ ಇದೇ ತತ್ವ: ಚೌಕಟ್ಟು ನಿಂತಲ್ಲೇ ಇರುತ್ತದೆ, ಕೆಟ್ಟ ಸೆಲೆಕ್ಟರನ್ನು ಕಳಚಿ ಬೇರೆಯದನ್ನು ಕೂರಿಸುತ್ತಾರೆ. ಬೋರ್ಡು ಬದಲಿಸಿದರೆ ಯಂತ್ರದ ಆತ್ಮ ಹೋಯಿತೆನ್ನುವವರು ಈ ಚರಿತ್ರೆಗೆ ಉತ್ತರ ಹೇಳಬೇಕಾಗುತ್ತದೆ.

ಹಾಗೆಂದು ಕಿಟ್ ತಂದು ತುರುಕಿದರೆ ಮುಗಿಯಲಿಲ್ಲ. ಜಮ್ಮಾ ಕನೆಕ್ಟರಿನ ಎರಡು ತುದಿಗಳಲ್ಲೂ ಗ್ರೌಂಡ್ ಇರುತ್ತದೆ. ಆದರೆ 5 ವೋಲ್ಟ್, ಮೈನಸ್ 5, 12 ವೋಲ್ಟ್ ಮೂರೂ ಒಂದೇ ತುದಿಯ ಹತ್ತಿರ. ಬೋರ್ಡು ತಿರುಗಾಮುರುಗಾ ಕೂರದಿರಲೆಂದೇ 7ನೇ ಪಿನ್ನಿನ ಜಾಗ ಖಾಲಿ ಬಿಟ್ಟು ಅಲ್ಲೊಂದು ಪ್ಲಾಸ್ಟಿಕ್ ತಡೆ ಇಡುತ್ತಾರೆ. ಇದಕ್ಕಿಂತ ಸೂಕ್ಷ್ಮವಾದದ್ದು 5 ವೋಲ್ಟಿನ ಲೆಕ್ಕ. ಹಳೆಯ ಬೋರ್ಡಿನ ತುಂಬ ಟಿಟಿಎಲ್ ಚಿಪ್ಪುಗಳು. ಅವು ಹಲವು ಆಂಪಿಯರ್ ಕರೆಂಟು ಎಳೆಯುತ್ತವೆ. ಅಷ್ಟು ಕರೆಂಟು ಹರಿಯುವಾಗ ವೈರಿನಲ್ಲೇ ಸ್ವಲ್ಪ ವೋಲ್ಟೇಜ್ ಸೋರುವುದರಿಂದ ಮೆಕ್ಯಾನಿಕ್ ಸಪ್ಲೈಯ ತಿರುಪನ್ನು ಮೇಲಕ್ಕೆ ತಿರುಗಿಸಿರುತ್ತಾನೆ. ಹೊಸ ಬೋರ್ಡಿಗೆ ಬೇಕಾದ ಕರೆಂಟು ತೀರಾ ಕಡಿಮೆ. ಸೋರಿಕೆ ನಿಂತು, ಏರಿಸಿಟ್ಟ ವೋಲ್ಟೇಜ್ ಪೂರ್ತಿಯಾಗಿ ಅದರ ಮೇಲೆ ಬೀಳುತ್ತದೆ. ಆದ್ದರಿಂದ ಮಲ್ಟಿಮೀಟರಿನ ಮೊನೆ ಇಡಬೇಕಾದದ್ದು ಸಪ್ಲೈಯ ಮೇಲಲ್ಲ, ಬೋರ್ಡಿನ ಅಂಚಿನಲ್ಲಿ. ಅಲ್ಲಿ 5 ವೋಲ್ಟ್ ತೋರಿಸುವಂತೆ ತಿರುಪನ್ನು ಹೊಸದಾಗಿ ಹೊಂದಿಸಬೇಕು. ಯಂತ್ರ ಹೊರದೇಶದ್ದಾದರೆ ನಮ್ಮ 230 ವೋಲ್ಟಿಗೆ ಅದು ಒಗ್ಗುತ್ತದೆಯೇ ಎಂದು ಇದಕ್ಕೂ ಮೊದಲೇ ನೋಡಿರಬೇಕು: ಜಪಾನಿನದು 100, ಅಮೆರಿಕದ್ದು 120.

ಟ್ಯೂಬನ್ನು ಎಸೆದು ಎಲ್‌ಸಿಡಿ ಪರದೆ ಹಾಕಿದರೆ ಕೆಲಸ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಸುಲಭ ಹೌದು, ಆದರೆ ಪೆಟ್ಟಿಗೆಯಲ್ಲಿ ಮತ್ತೆ ಸಿಗದ ಭಾಗವೆಂದರೆ ಅದೇ ಟ್ಯೂಬು. ‘ಪ್ಯಾಕ್-ಮ್ಯಾನ್’ ಚಿತ್ರ 224 ಅಡ್ಡ, 288 ಉದ್ದದ ಚುಕ್ಕೆಗಳದ್ದು. ಟ್ಯೂಬಿನ ಮೇಲೆ ಅಂಚು ಮೃದುವಾಗಿ ಮೂಡಲೆಂದೇ ಆ ಚುಕ್ಕೆಗಳನ್ನು ಜೋಡಿಸಲಾಗಿತ್ತು. ಎಲ್‌ಸಿಡಿಯಲ್ಲಿ ಅವು ಒರಟು ಚೌಕಗಳಾಗುತ್ತವೆ. ಮಲ್ಟಿಗೇಮ್ ಬೋರ್ಡುಗಳಲ್ಲಿ ಹಲವು 15 ಕಿಲೋಹರ್ಟ್ಸ್, 31 ಕಿಲೋಹರ್ಟ್ಸ್ ಎರಡು ಬಗೆಯ ಸಿಗ್ನಲನ್ನೂ ಕೊಡುತ್ತವೆ. ಹಳೆಯ ಟ್ಯೂಬಿಗೆ ಬೇಕಾದದ್ದು ಮೊದಲನೆಯದು. ತಪ್ಪಾಗಿ ಎರಡನೆಯದಕ್ಕೆ ಇಟ್ಟರೆ ಚಿತ್ರ ಹರಿದು ಹೋಗುವುದಲ್ಲದೆ ಮಾನಿಟರಿನ ಟ್ರಾನ್ಸಿಸ್ಟರಿಗೂ ಅಪಾಯ. ಮನುಷ್ಯನಿಗಿರುವ ಅಪಾಯ ಇದಕ್ಕಿಂತ ದೊಡ್ಡದು: ಬಣ್ಣದ ಟ್ಯೂಬಿನ ಆನೋಡಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿನಷ್ಟು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಬಲ್ಲವರಲ್ಲದೆ ಬೇರೆಯವರು ಅದರ ಹತ್ತಿರ ಕೈ ಹಾಕಬಾರದು.

ಕಿಟ್ಟಿನ ಆಟ ಮೂಲ ಆಟವಲ್ಲ ಎಂಬ ಆಕ್ಷೇಪಕ್ಕೆ ಇನ್ನೂ ಹೆಚ್ಚಿನ ತೂಕವಿದೆ. ‘ಪ್ಯಾಕ್-ಮ್ಯಾನ್’ ಯಂತ್ರದಲ್ಲಿ ಸುಮಾರು 3 ಮೆಗಾಹರ್ಟ್ಸ್ ವೇಗದ ಜೆಡ್80 ಪ್ರೊಸೆಸರ್ ತಾನೇ ಆಟ ನಡೆಸುತ್ತಿತ್ತು. ಕಿಟ್ಟಿನಲ್ಲಿ ಬೇರೊಂದು ಚಿಪ್ಪು ಅದರ ನಡೆಯನ್ನು ಅನುಕರಿಸುತ್ತದೆ. ಸದ್ದಿನಲ್ಲಿ, ವೇಗದಲ್ಲಿ ಅಲ್ಲಲ್ಲಿ ವ್ಯತ್ಯಾಸ ಕಾಣುತ್ತದೆ. ಕೈಗೆ ಗೊತ್ತಾಗುವ ಇನ್ನೊಂದು ವ್ಯತ್ಯಾಸವುಂಟು: ಈ ಆಟಕ್ಕೆ ನಾಲ್ಕೇ ದಿಕ್ಕಿನ ಜಾಯ್‌ಸ್ಟಿಕ್ ಬೇಕು, ಎಂಟು ದಿಕ್ಕಿನದ್ದಾದರೆ ಕೋಲು ಮೂಲೆಗೆ ಸರಿದು ತಿರುವು ತಪ್ಪುತ್ತದೆ. ‘ಸೆಂಟಿಪೀಡ್’ ಆಟಕ್ಕಂತೂ ಕೋಲೇ ಅಲ್ಲ, ಉರುಳುವ ಚೆಂಡು ಬೇಕು. ಅರವತ್ತು ಆಟಕ್ಕೂ ಹೊಂದುವ ಒಂದೇ ಹಿಡಿಕೆ ಇಲ್ಲ. ಕಿಟ್ ಹಾಕಿದ್ದನ್ನು ಮರಳಿ ತೆಗೆಯಲು ಬರಬೇಕು ಎನ್ನುವುದಕ್ಕೆ ಬಲವಾದ ಕಾರಣವೇ ಇದು: ನಕಲು ಎಷ್ಟು ನಿಷ್ಠವೆಂದು ಅಳೆಯಲು ಅಸಲು ಉಳಿದಿರಬೇಕು.

ಕಾನೂನಿನ ಪ್ರಶ್ನೆ ಬೆಂಗಳೂರಿಗೆ ಹೊಸದಲ್ಲ. ವಿಡಿಯೋ ಗೇಮುಗಳಿಗೆ ಪರವಾನಗಿ ಬೇಕೆಂಬ 1989ರ ಆದೇಶವನ್ನು ಇಲ್ಲಿನ ಪಾರ್ಲರಿನವರು ಪ್ರಶ್ನಿಸಿದಾಗ, 1995ರಲ್ಲಿ ಸುಪ್ರೀಂ ಕೋರ್ಟ್ ಎಂ.ಜೆ. ಶಿವಾನಿ ಪ್ರಕರಣದಲ್ಲಿ ಆ ನಿಯಂತ್ರಣವನ್ನು ಎತ್ತಿಹಿಡಿಯಿತು. ಯಂತ್ರವನ್ನು ಒಳಗಿಂದ ತಿದ್ದಿ ಕೌಶಲದ ಆಟವನ್ನು ಅದೃಷ್ಟದಾಟವಾಗಿಸಬಹುದೆಂಬುದೇ ಅಲ್ಲಿದ್ದ ಆತಂಕ. ತಂತ್ರಜ್ಞಾನದ ದೃಷ್ಟಿಯಿಂದ ಆ ಆತಂಕ ಸರಿಯೇ: ಹೊರಗಿನ ಚಿತ್ರ ನೋಡಿ ಒಳಗಿನ ಬೋರ್ಡು ಯಾವುದೆಂದು ಹೇಳಲು ಬರುವುದಿಲ್ಲ. ಜೊತೆಗೆ, ಅಗ್ಗದ ಮಲ್ಟಿಗೇಮ್ ಬೋರ್ಡುಗಳಲ್ಲಿ ತುಂಬಿರುವ ಆಟಗಳಿಗೆ ಸಾಮಾನ್ಯವಾಗಿ ಮೂಲ ಕಂಪನಿಗಳ ಒಪ್ಪಿಗೆ ಇರುವುದಿಲ್ಲ. ದುಡ್ಡು ಪಡೆದು ಆಡಿಸುವವರಿಗೆ ಈ ಎರಡೂ ತೊಡಕು ಗಂಭೀರವೇ. ಆದರೆ ದೋಷವಿರುವುದು ಯಾವ ಬೋರ್ಡು, ಯಾವ ಬಳಕೆ ಎಂಬುದರಲ್ಲಿ. ಬೋರ್ಡು ಬದಲಿಸುವ ಕ್ರಮದಲ್ಲಲ್ಲ. 2001ರಲ್ಲಿ ಹಕ್ಕು ಹೊಂದಿದ್ದ ನಾಮ್ಕೊ ಕಂಪನಿ ತಾನೇ ‘ಮಿಸ್ ಪ್ಯಾಕ್-ಮ್ಯಾನ್’, ‘ಗ್ಯಾಲಗ’ ಎರಡನ್ನೂ ಒಂದೇ ಯಂತ್ರದಲ್ಲಿ ಮಾರಿತು.

ಹಾಗಾದರೆ ಪಾಲಿಸಬೇಕಾದದ್ದು ಇಷ್ಟು. ಜಮ್ಮಾಗಿಂತ ಹಿಂದಿನ ಪೆಟ್ಟಿಗೆಯ ವೈರು ಕತ್ತರಿಸದೆ ನಡುವೆ ಅಡಾಪ್ಟರ್ ಹಾಕುವುದು, ಹೊಸ ಗುಂಡಿಗೆಂದು ಮರ ಕೊರೆಯದಿರುವುದು, ಕೆಟ್ಟಿದ್ದರೂ ಮೂಲ ಬೋರ್ಡನ್ನು ಪೆಟ್ಟಿಗೆಯೊಳಗೇ ಕಟ್ಟಿಡುವುದು, ಏನೇನು ಬದಲಾಯಿತೆಂದು ಒಂದು ಚೀಟಿ ಅಂಟಿಸುವುದು. ರಿಪೇರಿ ಬಲ್ಲವರು ಮುಂದೆಂದಾದರೂ ಸಿಕ್ಕಿದರೆ ಹಳೆಯ ಆಟ ಅದೇ ಟ್ಯೂಬಿನ ಮೇಲೆ ಮತ್ತೆ ಓಡುತ್ತದೆ. ಅಲ್ಲಿಯವರೆಗೆ ಪೆಟ್ಟಿಗೆ ಗುಜರಿ ಸೇರದಂತೆ ಕಾಯುವುದು ಈ ಅಂಗೈಯಗಲದ ಬೋರ್ಡೇ.