ಎರಡು ದ್ರವಗಳ ಗಡಿಯಲ್ಲಿ ಹುಟ್ಟುವ ಪೊರೆ

ಚಿಕ್ಕಬಾಣಾವರದಿಂದ ಪೂರ್ವಕ್ಕಿರುವ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಸಿ.ಎನ್.ಆರ್. ರಾವ್ ಮತ್ತು ಅವರ ಸಹೋದ್ಯೋಗಿಗಳು 2004ರ ಹೊತ್ತಿಗೆ ಅಲ್ಲಿ ತಾಮ್ರದ ಆಕ್ಸೈಡಿನ ಅತಿ ತೆಳುವಾದ ಪೊರೆಯನ್ನು ದ್ರವದೊಳಗೇ ಬೆಳೆಸಿ ತೋರಿಸಿದರು.

ತಾಮ್ರ ಮತ್ತು ಆಮ್ಲಜನಕ ಸೇರಿದರೆ ಈ ಆಕ್ಸೈಡ್. ಅದನ್ನು ಕಪ್ಪು ಪುಡಿಯಾಗಿ ಪಡೆಯುವುದು ಸುಲಭ. ನ್ಯಾನೊಮೀಟರ್ ಲೆಕ್ಕದ ದಪ್ಪಕ್ಕೆ ಹಾಳೆಯಾಗಿಸುವುದು ಕಷ್ಟ. ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಇಂಥ ಪೊರೆಗಳನ್ನು ಸಾಮಾನ್ಯವಾಗಿ ಯಾವುದಾದರೂ ಗಟ್ಟಿ ಹಲಗೆಯ ಮೇಲೆ ಕೂರಿಸುತ್ತಾರೆ. ಇಲ್ಲಿ ಹಲಗೆಯೂ ಇಲ್ಲ, ಅಚ್ಚೂ ಇಲ್ಲ.

ಬೀಕರಿನ ತಳದಲ್ಲಿ ಕಾಸ್ಟಿಕ್ ಸೋಡಾ ಎಂಬ ಕ್ಷಾರ ಕರಗಿಸಿದ ನೀರು. ಅದರ ಮೇಲೆ ಟಾಲುಯೀನ್; ಅದು ನೀರಿಗಿಂತ ಹಗುರ, ನೀರಿನೊಡನೆ ಬೆರೆಯದು. ತಾಮ್ರವಿರಬೇಕಾದದ್ದು ಈ ಮೇಲಿನ ಪದರದಲ್ಲಿ. ಆದರೆ ತಾಮ್ರದ ಸಾಮಾನ್ಯ ಲವಣಗಳು ಟಾಲುಯೀನಿನಲ್ಲಿ ಕರಗುವುದಿಲ್ಲ. ಆದ್ದರಿಂದ ಮೊದಲೇ ಕ್ಯೂಪ್‌ಫೆರಾನ್ ಎಂಬ ಸಾವಯವ ಅಣುವನ್ನು ತಾಮ್ರಕ್ಕೆ ಜೋಡಿಸಿಟ್ಟಿರುತ್ತಾರೆ. ಇಡೀ ಕೆಲಸದ ಜಾಣ್ಮೆ ಈ ಜೋಡಣೆಯಲ್ಲಿದೆ ಎಂದು ನನಗನಿಸುತ್ತದೆ. ತಾಮ್ರ ಮೇಲೆ, ಕ್ಷಾರ ಕೆಳಗೆ. ಎರಡೂ ಎದುರಾಗಲು ಉಳಿಯುವುದು ನಡುವಿನ ಗಡಿಯೊಂದೇ.

ಸುರಿಯುವ ಕೈ ನಿಧಾನವಾಗಿರಬೇಕು. ಕಲಕಿದರೆ ಗಡಿ ಒಡೆದು ಹನಿಗಳಾಗುತ್ತದೆ. ಆಮೇಲೆ ಬೀಕರನ್ನು ಗಂಟೆಗಟ್ಟಲೆ ಅಲುಗಿಸದೆ ಬಿಡಬೇಕು.

ತಾಮ್ರ ಮತ್ತು ಕ್ಷಾರ ಸಂಧಿಸಿ ಗಡಿಯಲ್ಲಿ ಹುಟ್ಟುವ ಆಕ್ಸೈಡಿನ ಸೂಕ್ಷ್ಮ ಹರಳುಗಳು ಅಲ್ಲೇ ನಿಲ್ಲುವುದಕ್ಕೆ ಕಾರಣವಿದೆ. ನೀರು ಮತ್ತು ಟಾಲುಯೀನ್ ಒಂದನ್ನೊಂದು ತಾಗಿರುವಷ್ಟು ಜಾಗಕ್ಕೆ ಶಕ್ತಿಯ ವೆಚ್ಚವಿರುತ್ತದೆ. ಹರಳೊಂದು ಆ ಜಾಗವನ್ನು ಮುಚ್ಚಿದರೆ ವೆಚ್ಚ ಇಳಿಯುತ್ತದೆ. ಅದು ಅಲ್ಲಿಂದ ಕದಲಿದರೆ ಮತ್ತೆ ಏರುತ್ತದೆ. ಹಾಗಾಗಿ ಹರಳುಗಳು ಪಕ್ಕಪಕ್ಕದಲ್ಲೇ ಸೇರುತ್ತ, ಹಾಲಿನ ಮೇಲೆ ಕೆನೆ ಕಟ್ಟಿದಂತೆ ಹರಡುತ್ತವೆ. ಇದನ್ನೇ ಸ್ವಯಂಜೋಡಣೆ ಎನ್ನುವುದು. ಪೊರೆ ಗಡಿಯನ್ನು ಮುಚ್ಚುತ್ತ ಬಂದಂತೆ ಕ್ಷಾರಕ್ಕೂ ತಾಮ್ರಕ್ಕೂ ನಡುವೆ ಅದೇ ಅಡ್ಡವಾಗುತ್ತದೆ.

ಮುಂದಿನದು ಪರೀಕ್ಷೆ. ಪೊರೆಯ ತುಣುಕನ್ನು ಮೂರು ಮಿಲಿಮೀಟರ್ ಅಗಲದ ಜಾಲರಿಯ ಮೇಲೆ ಎತ್ತಿಕೊಂಡು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಡುತ್ತಾರೆ. ಎಲೆಕ್ಟ್ರಾನ್ ಕಿರಣ ಪರಮಾಣುಗಳ ಸಾಲಿಗೆ ಬಡಿದು ಚದುರಿ ಒಂದು ಚಿತ್ತಾರ ಮೂಡಿಸುತ್ತದೆ. ಹರಳುಗಳು ದಿಕ್ಕುದಿಕ್ಕಿಗೆ ತಿರುಗಿದ್ದರೆ ಅದರಲ್ಲಿ ಉಂಗುರಗಳು ಕಾಣುತ್ತವೆ. ಎಲ್ಲವೂ ಒಂದೇ ದಿಕ್ಕಿನಲ್ಲಿದ್ದರೆ ಬಿಡಿ ಚುಕ್ಕಿಗಳ ಸಾಲು. ಜಕ್ಕೂರಿನ ಪೊರೆ ಒಂದೇ ಹರಳಿನ ವಿನ್ಯಾಸದ್ದು. ಯಾರೂ ಹಿಡಿದು ಸಾಲಾಗಿ ನಿಲ್ಲಿಸದ ಪರಮಾಣುಗಳು ಇಷ್ಟು ಕಟ್ಟುನಿಟ್ಟಾಗಿ ಸಾಲುಗೂಡಿದ್ದವು.

ಇಂಥ ತೆಳು ಪೊರೆ ಯಾವುದಕ್ಕೆ ಬೇಕು? ಚಿಕ್ಕಬಾಣಾವರದ ಪಶ್ಚಿಮಕ್ಕೆ, ದಾಸನಪುರ ಹೋಬಳಿಯ ಶಿವನಪುರದಲ್ಲಿ, ನ್ಯಾನೊ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರವಿದೆ. ಎಸ್. ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ಆರಂಭಿಸಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರವೇ ಹೀಗೆ ಬೆಳೆದದ್ದು. ಲೋಹದ ಆಕ್ಸೈಡುಗಳಿಂದ ಅನಿಲ ಪತ್ತೆ ಮಾಡುವ ಸಂವೇದಕಗಳ ಕೆಲಸ ಅಲ್ಲಿ ನಡೆಯುತ್ತದೆ. ಆಕ್ಸೈಡಿನ ಮೈಗೆ ಅನಿಲ ತಾಗಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಪೊರೆ ತೆಳುವಾದಷ್ಟೂ ಅದರ ಹೆಚ್ಚಿನ ಪಾಲು ಅನಿಲಕ್ಕೆ ಎದುರಾಗಿರುತ್ತದೆ, ಬದಲಾವಣೆಯೂ ಅಷ್ಟೇ ಸ್ಪಷ್ಟವಾಗಿ ಸಿಗುತ್ತದೆ.