ಮೂರು ದಿನ ಮನೆಯಲ್ಲಿ ನೀವೊಬ್ಬರೇ...

ಸಾಲು ರಜೆ ಬಂತೆಂದರೆ ಮನೆಮಂದಿಗೆಲ್ಲ ಸಂಭ್ರಮ. 2024ರ ದಸರೆಯನ್ನೇ ನೆನಪಿಸಿಕೊಳ್ಳಿ. ಆಯುಧಪೂಜೆ ಶುಕ್ರವಾರ, ವಿಜಯದಶಮಿ ಎರಡನೇ ಶನಿವಾರ, ಮರುದಿನ ಭಾನುವಾರ. ಇಂತಹ ರಜೆಯಲ್ಲಿ ಸೊಸೆ ಮಕ್ಕಳೊಂದಿಗೆ ತವರಿಗೆ ಹೊರಡುತ್ತಾಳೆ, ಮಗ ಅವರನ್ನು ಬಿಡಲು ಹೋಗಿ ಅಲ್ಲೇ ಉಳಿಯುತ್ತಾನೆ. ಮನೆ ಕಾಯಲು ಯಾರಾದರೂ ಬೇಕಲ್ಲ? "ನಾನಿರ್ತೀನಿ, ನೀವು ಹೋಗಿ ಬನ್ನಿ. ಮೂರೇ ದಿನ ತಾನೇ?" ಎಂದು ಹಿರಿಯರೊಬ್ಬರು ಉಳಿದುಕೊಳ್ಳುತ್ತಾರೆ. ಕೆಲವು ಮನೆಗಳಲ್ಲಿ ಉಳಿಯುವವನು ನಲವತ್ತೈದು ದಾಟಿದ ಗಂಡ. ಅವನಿಗೆ ಒಳಗೊಳಗೇ ಖುಷಿ ಎಂಬುದು ಬೇರೆ ಮಾತು!

ಹಬ್ಬ ಮುಗಿದ ಸೋಮವಾರ ನಮ್ಮಂಥ ಸಾಮಾನ್ಯ ವೈದ್ಯರ ಕ್ಲಿನಿಕ್ಕಿಗೆ ಬಂದು ನೋಡಿ. ವಾಂತಿ ಭೇದಿಯಿಂದ ಬಸವಳಿದವರು, ಸೊಂಟ ಹಿಡಿದುಕೊಂಡವರು, ಕೈ ಊತ ಬಂದವರು, ರಕ್ತದೊತ್ತಡ ಏರಿಸಿಕೊಂಡವರು ಬೆಂಚಿನ ಮೇಲೆ ಸಾಲಾಗಿ ಕುಳಿತಿರುತ್ತಾರೆ. ವಿಚಾರಿಸಿದರೆ ಅನೇಕರು ಹೇಳುವುದು ಒಂದೇ ಮಾತು: "ಮನೇಲಿ ಯಾರೂ ಇರಲಿಲ್ಲ ಡಾಕ್ಟ್ರೇ."

ಈ ಮಾತಿನಲ್ಲಿ ದೊಡ್ಡ ಸತ್ಯವಿದೆ. ಒಂಟಿಯಾಗಿರುವುದು ಕಾಯಿಲೆಯಲ್ಲ. ಆದರೆ ನಮ್ಮ ಆರೋಗ್ಯವನ್ನು ದಿನವೂ ಕಾಯುವುದು ನಮ್ಮ ಕಣ್ಣಲ್ಲ, ಮನೆಯಲ್ಲಿರುವ ಇನ್ನೊಬ್ಬರ ಕಣ್ಣು. "ಯಾಕೆ ಮುಖ ಬಾಡಿದೆ?", "ಮಾತ್ರೆ ತಗೊಂಡ್ರಾ?", "ಸ್ನಾನಕ್ಕೆ ಹೋಗಿ ಎಷ್ಟು ಹೊತ್ತಾಯ್ತು?" ಎಂದು ಬಾಗಿಲು ಬಡಿಯುವ ದನಿ ಮೂರು ದಿನ ಇರುವುದಿಲ್ಲ. ಅದರ ಬದಲಿಗೆ ಏನು ವ್ಯವಸ್ಥೆ ಮಾಡಿಕೊಂಡಿದ್ದೀರಿ ಎಂಬುದೇ ಪ್ರಶ್ನೆ.

ಮೊದಲು ಸಕ್ಕರೆ ಕಾಯಿಲೆಯವರ ವಿಷಯ. ಒಬ್ಬರೇ ಇರುವಾಗ ಮಾತ್ರೆ ತಪ್ಪುವುದು ಒಂದು ಬಗೆ. ಮಾತ್ರೆ ತಪ್ಪದೆ ಊಟ ತಪ್ಪುವುದು ಇನ್ನೊಂದು ಬಗೆ. ಈ ಎರಡನೆಯದೇ ಹೆಚ್ಚು ಅಪಾಯಕಾರಿ. ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗುತ್ತೀರಿ. "ಒಬ್ಬನಿಗೆ ಏನು ಉಪ್ಪಿಟ್ಟು ಕೆದಕೋದು, ಹೋಟೆಲಿನಲ್ಲಿ ಇಡ್ಲಿ ತಿಂದರಾಯಿತು" ಎಂದುಕೊಂಡು ಚೀಲ ಹಿಡಿದು ಹೊರಡುತ್ತೀರಿ. ಎಟಿಎಂ ಮುಂದೆ ಸಾಲು, ಹೂವಿನ ಅಂಗಡಿಯಲ್ಲಿ ಚೌಕಾಸಿ, ದಾರಿಯಲ್ಲಿ ಪರಿಚಿತರು. ಹೋಟೆಲಿಗೆ ಹಬ್ಬದ ರಜೆ. ಗಂಟೆ ಹನ್ನೊಂದೂವರೆ. ಆಗ ಬೆವರು ಕಿತ್ತು ಬರುತ್ತದೆ, ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ, ಕಣ್ಣು ಮಂಜಾಗುತ್ತದೆ.

ಇದು ರಕ್ತದಲ್ಲಿ ಸಕ್ಕರೆ ಕುಸಿದ ಸ್ಥಿತಿ. ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಎಚ್ಚರಿಕೆಯ ಗಂಟೆ ಬಾರಿಸಿತೆಂದು ತಿಳಿಯಿರಿ. ಎಲ್ಲ ಮಾತ್ರೆಗಳೂ ಹೀಗೆ ಮಾಡುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ಇದು ಅಪರೂಪ. ಆದರೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಗುಂಪಿನ ಮಾತ್ರೆಗಳು, ಹಾಗೆಯೇ ಇನ್ಸುಲಿನ್, ನೀವು ಉಂಡಿರಿ ಬಿಡಿ, ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತವೆ. ಇಂದೇ ನಿಮ್ಮ ಮಾತ್ರೆಯ ಹಾಳೆ ತಿರುಗಿಸಿ ಹೆಸರು ಓದಿಕೊಳ್ಳಿ. ಒಂದೇ ಗುಳಿಗೆಯಲ್ಲಿ ಎರಡು ಮೂರು ಔಷಧಿಗಳು ಸೇರಿರುವುದುಂಟು.

ಇಲ್ಲೊಂದು ವಿಚಿತ್ರವಿದೆ. ಸಕ್ಕರೆ ಕುಸಿದಾಗ ಮೊದಲು ಸೋಲುವ ಅಂಗಗಳಲ್ಲಿ ಮೆದುಳೂ ಒಂದು. "ನನಗೇನೋ ಆಗುತ್ತಿದೆ" ಎಂದು ಅರಿಯಬೇಕಾದ ಮೆದುಳಿಗೇ ಆಹಾರವಿಲ್ಲ! ಹೀಗಾಗಿ ರೋಗಿ ಸಿಡುಕುತ್ತಾನೆ, ಅಸಂಬದ್ಧ ಮಾತನಾಡುತ್ತಾನೆ, ಸುಮ್ಮನೆ ಮಲಗಿಬಿಡುತ್ತಾನೆ. ಮನೆಯಲ್ಲಿ ಹೆಂಡತಿ ಇದ್ದಿದ್ದರೆ ಆ ಸಿಡುಕಿನಲ್ಲೇ ಗುರುತು ಹಿಡಿದು ಸಕ್ಕರೆ ನೀರು ಕುಡಿಸುತ್ತಿದ್ದಳು. ರಕ್ತದೊತ್ತಡಕ್ಕಾಗಿ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆ ಸೇವಿಸುವವರಲ್ಲಿ ಎದೆಬಡಿತ, ನಡುಕಗಳು ಅಷ್ಟಾಗಿ ಕಾಣಿಸುವುದೂ ಇಲ್ಲ. ಬೆವರು ಮಾತ್ರ ಬರುತ್ತದೆ. ಕಾರಣವಿಲ್ಲದೆ ತಣ್ಣನೆ ಬೆವರಿದರೆ ಅದನ್ನು ಸೆಕೆಯೆಂದು ತಳ್ಳಿಹಾಕಬೇಡಿ.

ಹಾಗಾದಾಗ ಏನು ಮಾಡಬೇಕು? ಮೂರು ನಾಲ್ಕು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಯಿರಿ. ಹದಿನೈದು ನಿಮಿಷದಲ್ಲಿ ಹುಷಾರಾಗದಿದ್ದರೆ ಮತ್ತೊಮ್ಮೆ ಕುಡಿಯಿರಿ. ಆಮೇಲೆ ಊಟ ಮಾಡಿ. ಡಬ್ಬಿಯಲ್ಲಿ ಮೈಸೂರು ಪಾಕ್ ಇದೆಯೆಂದು ಅದಕ್ಕೆ ಕೈ ಹಾಕಬೇಡಿ. ತುಪ್ಪದ ಸಿಹಿಯಲ್ಲಿನ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ನಿಮಗೆ ಅಷ್ಟು ಪುರುಸೊತ್ತಿಲ್ಲ. ನಿಮ್ಮ ಗುಳಿಗೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ್ದರೆ ಅಡುಗೆಮನೆಯ ಸಕ್ಕರೆಯೂ ಬೇಗ ಕೆಲಸ ಮಾಡುವುದಿಲ್ಲ. ಏಕೆಂದರೆ ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನೇ ಆ ಔಷಧಿ ತಡೆಯುತ್ತದೆ. ಅಂಥವರು ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು. ಒಂದು ಪೊಟ್ಟಣ ಹಾಸಿಗೆಯ ಪಕ್ಕ, ಒಂದು ಚೀಲದಲ್ಲಿ.

ಬೆಳಗಿನ ತಿಂಡಿ ತಟ್ಟೆಗೆ ಬಂದ ಮೇಲೆ ಮಾತ್ರೆ ಎಂಬ ಕ್ರಮವನ್ನು ರಜೆಯಲ್ಲೂ ಬಿಡಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು, ಊಟ ತಪ್ಪಿದರೆ ಎಷ್ಟು ಕಡಿಮೆ ಮಾಡಬೇಕೆಂದು ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ತಾವಾಗಿಯೇ ಪೂರ್ತಿ ನಿಲ್ಲಿಸುವುದು ಸಲ್ಲದು. ಇನ್ನು, ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವೆಂದು ಸಂಜೆ ಬಾಟಲಿ ತೆರೆಯುವ ಗಂಡಸರಿಗೆ ಒಂದು ಮಾತು. ಖಾಲಿ ಹೊಟ್ಟೆಯ ಮದ್ಯ, ಯಕೃತ್ತು ಸಕ್ಕರೆ ತಯಾರಿಸುವುದನ್ನು ತಡೆಯುತ್ತದೆ. ಮೇಲೆ ಈ ಮಾತ್ರೆಯೂ ಸೇರಿದರೆ ನಡುರಾತ್ರಿ ಸಕ್ಕರೆ ಕುಸಿಯಬಹುದು. ಬಾಯಿಯ ವಾಸನೆ ನೋಡಿದವರು "ಕುಡಿದು ಮಲಗಿದ್ದಾನೆ" ಎಂದು ಬಾಗಿಲೆಳೆದುಕೊಂಡು ಹೋಗುತ್ತಾರೆ.

ಊಟದ ಮಾತಿಗೆ ಬಂದರೆ, ಒಬ್ಬರೇ ಇರುವವರ ಮನೆಯ ರಾಷ್ಟ್ರೀಯ ಆಹಾರ ಚಿತ್ರಾನ್ನ. ಮಧ್ಯಾಹ್ನ ಕುಕ್ಕರಿನಲ್ಲಿ ಅನ್ನ ಮಾಡಿ ಅಲ್ಲೇ ಬಿಟ್ಟು, ಮರುದಿನ ಬೆಳಿಗ್ಗೆ ಒಗ್ಗರಣೆ ಹಾಕುವುದು ಸಾಮಾನ್ಯ. "ಬಿಸಿ ಮಾಡಿದ್ದೇನಲ್ಲ" ಎಂದು ಧೈರ್ಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಇವು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗಿದ್ದಷ್ಟು ಹೊತ್ತೂ ಮೊಳೆತು ವಿಷ ಉತ್ಪತ್ತಿ ಮಾಡುತ್ತವೆ. ವಾಂತಿ ತರಿಸುವ ಆ ವಿಷವನ್ನು ನಿಮ್ಮ ಒಗ್ಗರಣೆಯ ಬಿಸಿ ಏನೂ ಮಾಡಲಾರದು. ಆದ್ದರಿಂದ ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಆರಿಸಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. "ನಮ್ಮಜ್ಜಿ ತಂಗಳನ್ನ ತಿಂದೇ ತೊಂಬತ್ತು ವರ್ಷ ಬಾಳಿದರು" ಎನ್ನುವವರಿದ್ದಾರೆ. ಅಜ್ಜಿ ಅನ್ನಕ್ಕೆ ನೀರು ಮಜ್ಜಿಗೆ ಹಾಕಿ ಹುಳಿ ಬರಿಸುತ್ತಿದ್ದರು. ಹುಳಿಯಲ್ಲಿ ಈ ಬ್ಯಾಕ್ಟೀರಿಯಾ ಅಷ್ಟಾಗಿ ಬೆಳೆಯದು. ಕುಕ್ಕರಿನಲ್ಲಿ ಮರೆತ ಅನ್ನಕ್ಕೂ ಅಜ್ಜಿಯ ತಂಗಳನ್ನಕ್ಕೂ ಸಂಬಂಧವಿಲ್ಲ. ವಿದ್ಯುತ್ ಹೋದರೆ, ಬಾಗಿಲು ತೆರೆಯದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪಾಗಿರುತ್ತದೆ, ಅಷ್ಟೇ.

ವಾಂತಿ ಭೇದಿ ಶುರುವಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಯಿರಿ. ವಯಸ್ಸಾದವರಿಗೆ ಬಾಯಾರಿಕೆಯ ಅರಿವೇ ಕಡಿಮೆ. ಮೂತ್ರ ಕಡಿಮೆಯಾಗಿ ಕಡು ಹಳದಿ ಬಣ್ಣಕ್ಕೆ ತಿರುಗಿದರೆ, ನಿಂತಾಗ ತಲೆ ತಿರುಗಿದರೆ, ಮನೆಯವರು ಬರಲೆಂದು ಕಾಯಬೇಡಿ.

ಇನ್ನು ಮನೆಗೆಲಸ. ಕೈ ಖಾಲಿ ಇದ್ದವರಿಗೆ ಮೂರು ವರ್ಷದಿಂದ ಬಾಕಿ ಇದ್ದ ಅಟ್ಟದ ಧೂಳು ಈಗಲೇ ಕಾಣುತ್ತದೆ. ಕುರ್ಚಿಯ ಮೇಲೆ ಸ್ಟೂಲ್, ಸ್ಟೂಲಿನ ಮೇಲೆ ತಾವು! ದಯವಿಟ್ಟು ಬೇಡ. ಕುರ್ಚಿ ಹಿಡಿಯುವವರು ಬಂದ ಮೇಲೆ ಹತ್ತಿದರೆ ಧೂಳು ಎಲ್ಲಿಗೂ ಓಡಿಹೋಗುವುದಿಲ್ಲ. ತುಂಬಿದ ಅಡುಗೆ ಅನಿಲದ ಸಿಲಿಂಡರಿನ ತೂಕ ಸುಮಾರು 30 ಕಿಲೋ, ನೀರಿನ ಕ್ಯಾನು 20 ಕಿಲೋ. ತಂದವರಿಂದಲೇ ಜಾಗದಲ್ಲಿ ಇರಿಸಿಕೊಳ್ಳಿ. ಆಯುಧಪೂಜೆಯ ಸಂಜೆ ಸ್ಕೂಟರಿನಲ್ಲಿ ಹೊರಟವರು ರಸ್ತೆಯ ಮೇಲೆ ಒಡೆದ ಬೂದುಗುಂಬಳದ ಹೋಳುಗಳ ಬಗ್ಗೆ ಎಚ್ಚರದಿಂದಿರಿ. ದೃಷ್ಟಿ ತೆಗೆದ ಕಾಯಿಯೇ ಇನ್ನೊಬ್ಬನ ಮೂಳೆ ಮುರಿಯುವುದು ನಮ್ಮ ಊರುಗಳ ವಿಪರ್ಯಾಸ.

ಸ್ನಾನದ ಮನೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಬ್ಬರೇ ಇರುವಾಗ ಒಳಗಿನಿಂದ ಚಿಲಕ ಹಾಕುವ ಅಗತ್ಯವಾದರೂ ಏನು? ಸುಮ್ಮನೆ ಮುಂದೆ ಮಾಡಿ. ಗ್ಯಾಸ್ ಗೀಸರ್ ಇರುವ ಮನೆಯಲ್ಲಂತೂ ಇದು ಜೀವದ ಪ್ರಶ್ನೆ. ಗಾಳಿಯಾಡದ ಕೋಣೆಯಲ್ಲಿ ಅನಿಲ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗುತ್ತದೆ, ಕಾಲು ಸೋಲುತ್ತದೆ, ಚಿಲಕ ತೆಗೆಯಲು ಕೈ ಏಳುವುದಿಲ್ಲ. ಬಕೆಟ್ಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಕಿಟಕಿ ತೆರೆದು ಆಮೇಲೆ ಸ್ನಾನಕ್ಕಿಳಿಯಿರಿ. ಗೀಸರನ್ನು ಸ್ನಾನದ ಮನೆಯ ಹೊರಗೆ ಅಳವಡಿಸುವುದು ಇನ್ನೂ ಉತ್ತಮ. ಅಡುಗೆಮನೆಯಲ್ಲಿ ಅನಿಲದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ರಾತ್ರಿ ಮೂತ್ರಕ್ಕೆ ಏಳುವಾಗ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತು ಆಮೇಲೆ ನಿಲ್ಲಿ. ರಕ್ತದೊತ್ತಡದ ಮತ್ತು ಪ್ರಾಸ್ಟೇಟ್ ಗ್ರಂಥಿಯ ಕೆಲವು ಮಾತ್ರೆಗಳಿಂದ ತಟ್ಟನೆ ಎದ್ದಾಗ ಒತ್ತಡ ಕುಸಿಯುತ್ತದೆ. ಬಿದ್ದೇಬಿಟ್ಟರೆ ಗಾಬರಿಯಿಂದ ಏಳಲು ಹೋಗಬೇಡಿ. ಸೊಂಟದಲ್ಲಿ ತೀವ್ರ ನೋವಿಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಅಂಬೆಗಾಲಿಟ್ಟು ಗಟ್ಟಿ ಕುರ್ಚಿಯವರೆಗೆ ಹೋಗಿ, ಅದನ್ನು ಹಿಡಿದು ಏಳಿ. ಬಿದ್ದ ಪೆಟ್ಟಿಗಿಂತ ಹೆಚ್ಚು ಕೆಡಿಸುವುದು ಬಿದ್ದಲ್ಲೇ ಗಂಟೆಗಟ್ಟಲೆ ಉಳಿಯುವುದು. ಮೈಯ ಒತ್ತಡಕ್ಕೆ ಸ್ನಾಯುಗಳು ನಾಶವಾಗಿ ಮೂತ್ರಪಿಂಡಕ್ಕೆ ಏಟು ಬೀಳುತ್ತದೆ. ಮೊಬೈಲು ಹಜಾರದ ಟೀಪಾಯಿಯ ಮೇಲಿದ್ದರೆ ಏನು ಬಂತು? ಅಂಗಿಯ ಜೇಬಿನಲ್ಲಿರಲಿ.

ಎದೆಯಲ್ಲಿ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ಜೊತೆಗೆ ಬೆವರು ಬಂದರೆ ಅದು ಗ್ಯಾಸ್ ಟ್ರಬಲ್ ಎಂದು ಸೋಡಾ ಕುಡಿದು ಮಲಗಬೇಡಿ, ಸ್ಕೂಟರ್ ಏರಿ ಆಸ್ಪತ್ರೆಗೂ ಹೊರಡಬೇಡಿ. 108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ ಈ ಸೇವೆ 2008ರಿಂದ ಇದೆ, ರಜಾದಿನವೂ ಇದೆ. ನಂತರ ಮುಂಬಾಗಿಲ ಚಿಲಕ ತೆಗೆದು, ಬಾಗಿಲ ಬಳಿಯೇ ಕುಳಿತುಕೊಳ್ಳಿ. ಒಳಗೆ ಪ್ರಜ್ಞೆ ತಪ್ಪಿದವರ ಬಾಗಿಲನ್ನು ಹೊರಗಿನವರು ಒಡೆಯುವ ಹೊತ್ತಿಗೆ ಅಮೂಲ್ಯ ಸಮಯ ಕಳೆದಿರುತ್ತದೆ.

ಬೀಗದ ಕೈ ಒಂದನ್ನು ನೆರೆಮನೆಯವರಿಗೆ ಕೊಟ್ಟಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ರಾತ್ರಿ ಒಳಗಿನಿಂದ ಮೇಲೆ ಕೆಳಗೆ ಅಗುಳಿ ಜಡಿದರೆ ಆ ಕೀಲಿಕೈ ನೆರೆಯವರಲ್ಲಿದ್ದೂ ವ್ಯರ್ಥ. ಕೀಲಿಯಿಂದ ತೆರೆಯಬಹುದಾದ ಬೀಗ ಒಂದನ್ನೇ ಭದ್ರವಾಗಿ ಹಾಕಿಕೊಳ್ಳಿ.

ಊರಿಗೆ ಹೋದವರೂ ಈ ಲೇಖನ ಓದುತ್ತಿರಬಹುದು. ನೀವು ದಿನಕ್ಕೆ ಎರಡು ಬಾರಿ, ಬೆಳಿಗ್ಗೆ ಮತ್ತು ರಾತ್ರಿ, ನಿಗದಿತ ಹೊತ್ತಿಗೆ ಕರೆ ಮಾಡಿ. ಪಾರ್ಶ್ವವಾಯು ತಗುಲಿದವರಿಗೆ ರಕ್ತದ ಗರಣೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಲೆಕ್ಕ ಶುರುವಾಗುವುದು ರೋಗಿ ಕೊನೆಯದಾಗಿ ಸರಿಯಾಗಿದ್ದ ಹೊತ್ತಿನಿಂದ. ಒಬ್ಬರೇ ಇದ್ದವರ ವಿಷಯದಲ್ಲಿ ಆ ಹೊತ್ತನ್ನು ಹೇಳುವವರು ಯಾರು? "ಬೆಳಿಗ್ಗೆ ಏಳೂವರೆಗೆ ಚೆನ್ನಾಗಿ ಮಾತಾಡಿದರು" ಎಂಬ ನಿಮ್ಮ ಒಂದು ಮಾತು ಅಲ್ಲಿನ ವೈದ್ಯರಿಗೆ ಬಹಳ ಉಪಯುಕ್ತ. ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ ಕೂಡಲೇ ನೆರೆಯವರನ್ನು ಕಳಿಸಿ.

ಕರೆ ಮಾಡಿದಾಗ "ಊಟ ಆಯ್ತಾ?" ಎನ್ನಬೇಡಿ. "ಆಯ್ತು" ಎಂಬ ಉತ್ತರ ಸಿದ್ಧವಾಗಿರುತ್ತದೆ, ಮಕ್ಕಳ ರಜೆ ಕೆಡಿಸಲು ಯಾವ ಹಿರಿಯರಿಗೂ ಇಷ್ಟವಿಲ್ಲ. "ಇವತ್ತು ಏನು ಮಾಡಿಕೊಂಡ್ರಿ? ಸಾರು ಹೇಗಾಗಿತ್ತು?" ಎಂದು ಕೇಳಿ. ಉತ್ತರ ತಡವರಿಸಿದರೆ ನಿಮಗೆ ತಿಳಿಯುತ್ತದೆ.

ಹೊರಡುವ ಹಿಂದಿನ ದಿನವೇ ಮಾತ್ರೆಗಳನ್ನು ತಂದು, ಬೆಳಗಿನದು ರಾತ್ರಿಯದು ಎಂದು ಬೇರೆ ಬೇರೆ ಡಬ್ಬಿಗೆ ಹಾಕಿಡಿ. ಹಬ್ಬದ ದಿನ ಬಡಾವಣೆಯ ಔಷಧಿ ಅಂಗಡಿ ಮುಚ್ಚಿರಬಹುದು, ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗವೂ ಇರುವುದಿಲ್ಲ. ತುರ್ತು ಚಿಕಿತ್ಸಾ ವಿಭಾಗ ಮಾತ್ರ ತೆರೆದಿರುತ್ತದೆ. ವಾಪಸು ಬಂದಾಗ ಡಬ್ಬಿಯಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಿ ನೋಡಿ. ಉಳಿದಿದ್ದರೆ ಬೈಯಬೇಡಿ, ಸಂಖ್ಯೆ ಬರೆದಿಟ್ಟುಕೊಳ್ಳಿ. ತಪ್ಪಿದ್ದನ್ನು ಸರಿದೂಗಿಸಲು ಎರಡೆರಡು ಮಾತ್ರೆ ಒಟ್ಟಿಗೆ ನುಂಗಿಸಬೇಡಿ. ಮುಂದಿನ ಹೊತ್ತಿನದನ್ನು ಎಂದಿನಂತೆ ಕೊಟ್ಟು, ಮರುದಿನ ಆ ಸಂಖ್ಯೆಯನ್ನು ನಿಮ್ಮ ವೈದ್ಯರಿಗೆ ತಿಳಿಸಿ.